ರಾಧೆಗೆ ಹಾಲು ಬಂದದ್ದು

ಬಳ್ಳಾರಿ ರೋಡಿನಲ್ಲಿ ದಿನಾ ಓಡಾಡೋ ನಮಗೆ ಹೆಬ್ಬಾಳ ಅಂದರೆ ಫ್ಲೈಓವರ್, ಕೆರೆ, ಮತ್ತೆ ಮುಗಿಯದ ಟ್ರಾಫಿಕ್ಕು. ಆದರೆ ಆ ರಸ್ತೆ ಪಕ್ಕ ಇನ್ನೂ ಒಂದಿಷ್ಟು ಹಸಿರು ಉಳಿದಿದೆಯಲ್ಲ, ವೆಟರ್ನರಿ ಕಾಲೇಜು, ಕೃಷಿ ವಿಶ್ವವಿದ್ಯಾಲಯದ ಹಳೇ ಜಾಗ, ಅದರ ಹಿಂದೆ ಒಂದು ಕಥೆ ಇದೆ. 1899ರಲ್ಲಿ ಮೈಸೂರಿನ ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಇಲ್ಲಿ 30 ಎಕರೆ ಜಮೀನು ಕೊಟ್ಟು, ಲೆಹ್ಮನ್ ಎಂಬ ವಿಜ್ಞಾನಿಯನ್ನು ನೇಮಿಸಿ, ಮಣ್ಣು ಮತ್ತು ಬೆಳೆಗಳ ಮೇಲೆ ಪ್ರಯೋಗ ಶುರುಮಾಡಿಸಿದರು. ಇವತ್ತಿನ ಕೃಷಿ ವಿವಿಯ ಬೇರು ಅಲ್ಲಿದೆ.

ಆ ಮಹಾರಾಣಿ ಆಗ ರಾಜ್ಯ ನೋಡಿಕೊಳ್ಳುತ್ತಿದ್ದದ್ದು ಏಕೆ? ಗಂಡ, ಹತ್ತನೇ ಚಾಮರಾಜ ಒಡೆಯರ್, 1894ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಮಗ ಇನ್ನೂ ಚಿಕ್ಕವನು. ಇಲ್ಲಿ ನಮಗೆ ಬೇಕಾದ ಸಂಗತಿ ಇನ್ನೊಂದು. ಆ ಚಾಮರಾಜ ಒಡೆಯರ್ ಸ್ವತಃ ದತ್ತುಮಗ. 1863ರ ಫೆಬ್ರವರಿಯಲ್ಲಿ ಹುಟ್ಟಿದ ಅವರನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರ ಜೂನ್‌ನಲ್ಲಿ ದತ್ತು ತೆಗೆದುಕೊಂಡರು. ಕೂಸಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಇನ್ನೂ ತೊದಲು ಮಾತಿನ ವಯಸ್ಸು.

ಆ ದತ್ತು ಇಡೀ ರಾಜ್ಯದ ಹಣೆಬರಹ ಬದಲಾಯಿಸಿತು. 1831ರಲ್ಲೇ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದರು. ಅರಸರಿಗೆ ವಾರಸುದಾರ ಇಲ್ಲ ಅಂತಾದರೆ ಮೈಸೂರು ಪೂರ್ತಿಯಾಗಿ ಅವರ ಪಾಲಾಗುತ್ತಿತ್ತು. ಪತ್ರಗಳು ಹೋದವು, ಅರ್ಜಿಗಳು ಹೋದವು, ಲಂಡನ್ನಿನವರೆಗೂ ವಾದ ನಡೆಯಿತು. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತನ್ನು ಒಪ್ಪಿತು, 1881ರಲ್ಲಿ ರಾಜ್ಯ ವಾಪಸ್ ಬಂತು. ಅದಕ್ಕೂ ನಾಲ್ಕು ದಶಕ ಹಿಂದೆ ಕಿತ್ತೂರಿನಲ್ಲಿ ಇದೇ ಪ್ರಶ್ನೆ ರಕ್ತ ಹರಿಸಿತ್ತು. ದತ್ತುಮಗನನ್ನು ಒಪ್ಪಲ್ಲ ಅಂದ ಧಾರವಾಡದ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನ ಕೋಟೆ ಮುಂದೆ ಸತ್ತ. ಚೆನ್ನಮ್ಮನ ಕಥೆ ನಮ್ಮೆಲ್ಲರಿಗೂ ಸ್ಕೂಲಿನಿಂದ ಗೊತ್ತು.

ಅಂದರೆ ದತ್ತು ಎಂಬುದು ಕನ್ನಡನಾಡಿನ ಇತಿಹಾಸದಲ್ಲಿ ಮೂಲೆಯಲ್ಲಿ ಬಿದ್ದಿರೋ ವಿಷಯ ಅಲ್ಲ. ಎರಡು ಸಲ ರಾಜ್ಯವನ್ನೇ ಅಲುಗಿಸಿದ ವಿಷಯ. ಆದರೆ ಗಮನಿಸಿ, ಆ ಕಾಲದ ಪತ್ರವ್ಯವಹಾರದ ಉದ್ದಕ್ಕೂ ಕೇಳಿಬರೋ ಪ್ರಶ್ನೆ ಒಂದೇ: ಗದ್ದುಗೆ ಯಾರಿಗೆ? ಮುದ್ರೆ ಯಾರಿಗೆ? ಖಜಾನೆ ಯಾರಿಗೆ? ಎರಡು ವರ್ಷದ ಮಗು ಹೊಸ ಮನೆಗೆ ಬಂದ ಮೊದಲ ರಾತ್ರಿ ಯಾರ ಮಡಿಲಲ್ಲಿ ಮಲಗಿತು ಅನ್ನೋದು ಯಾವ ಸರ್ಕಾರದ ಪ್ರಶ್ನೆಯೂ ಆಗಿರಲಿಲ್ಲ.

ಈ ಬರಹ ಆ ಕೇಳದೇ ಉಳಿದ ಪ್ರಶ್ನೆಯ ಬಗ್ಗೆ. ಎಲ್ಲಿಂದಲೋ ಬಂದ ಕೂಸು, ಹೆರದೇ ತಾಯಿಯಾದ ಹೆಂಗಸು, ಇವರಿಬ್ಬರ ನಡುವೆ ನಂಟು ಹುಟ್ಟೋದು ಹೇಗೆ? ಅವಳ ಎದೆಯಲ್ಲಿ ಹಾಲು ಬರುತ್ತಾ? ಬರದಿದ್ದರೆ ಅವಳು ತಾಯಿಯಾಗೋದು ಸ್ವಲ್ಪ ಕಡಿಮೆಯಾಗುತ್ತಾ? ಇವು ಹೊಸ ಕಾಲದ ಪ್ರಶ್ನೆಗಳು ಅನ್ನಿಸಬಹುದು. ಹಾಗೇನಿಲ್ಲ. ಇದಕ್ಕೆ ಉತ್ತರ ಹೇಳಿದ ಮೊದಲಿಗರಲ್ಲಿ ಒಬ್ಬ ಕರ್ಣ.

ಹೌದು, ಮಹಾಭಾರತದ ಕರ್ಣನೇ.

ಯುದ್ಧ ಇನ್ನೇನು ಶುರುವಾಗಬೇಕು. ಉದ್ಯೋಗ ಪರ್ವ. ಸಂಧಾನ ಮುರಿದುಬಿದ್ದು ವಾಪಸ್ ಹೊರಟ ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಗುಟ್ಟು ಬಿಚ್ಚುತ್ತಾನೆ. ನೀನು ಕುಂತಿಯ ಮಗ. ಮದುವೆಗೆ ಮುಂಚೆ ಹುಟ್ಟಿದವನು. ಶಾಸ್ತ್ರದ ಪ್ರಕಾರ ಅಂಥ ಮಗ ಅವಳನ್ನು ಮದುವೆಯಾದವನಿಗೇ ಸೇರುತ್ತಾನೆ, ಹಾಗಾಗಿ ನೀನು ಪಾಂಡುವಿನ ಮಗ, ಹಿರಿಯ ಪಾಂಡವ. ಬಾ, ರಾಜ್ಯ ನಿನ್ನದು. ಕೃಷ್ಣನ ವಾದದಲ್ಲಿ ಕಾನೂನಿನ ತಪ್ಪು ಒಂದೂ ಇಲ್ಲ. ಒಳ್ಳೆ ವಕೀಲನ ವಾದ.

ಕರ್ಣ ಕೊಡೋ ಉತ್ತರ ನೋಡಿ. ಕುಂತಿ ನನ್ನನ್ನು ನೀರಿಗೆ ಬಿಟ್ಟಳು. ಅಧಿರಥ ಎತ್ತಿಕೊಂಡು ಮನೆಗೆ ತಂದ. ನನ್ನನ್ನು ನೋಡಿದ ಪ್ರೀತಿಗೇ ರಾಧೆಗೆ ಆ ಕ್ಷಣ ಎದೆಯಲ್ಲಿ ಹಾಲು ಇಳಿಯಿತು. ನನ್ನ ಉಚ್ಚೆ ಕಕ್ಕ ಎತ್ತಿದವಳು ಅವಳು. ಅವಳಿಗೆ ಪಿಂಡ ಇಡೋ ಕರ್ತವ್ಯವನ್ನು ನಾನು ಹೇಗೆ ತಪ್ಪಿಸಲಿ? ಇದು ಆ ಮಾತಿನ ತಾತ್ಪರ್ಯ. ಇಡೀ ಭೂಮಿ ಕೊಟ್ಟರೂ, ಬಂಗಾರದ ರಾಶಿ ಕೊಟ್ಟರೂ ಈ ನಂಟು ಕಡಿಯಲ್ಲ ಅಂತ ಮುಗಿಸುತ್ತಾನೆ.

ರಾಧೆ ಆಗ ಮಕ್ಕಳಿಲ್ಲದವಳು ಅಂತ ಮಹಾಭಾರತವೇ ಹೇಳುತ್ತದೆ. ಅವಳಿಗೆ ಸ್ವಂತ ಮಕ್ಕಳಾದದ್ದು ಕರ್ಣ ಬಂದ ಮೇಲೆ. ಯಶೋದೆಯ ಕಥೆಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಕೃಷ್ಣನನ್ನು ಗೋಕುಲಕ್ಕೆ ತಂದ ರಾತ್ರಿಯೇ ಯಶೋದೆ ಹೆಣ್ಣುಮಗು ಹೆತ್ತಿದ್ದಳು. ಅವಳ ಹಾಲು ಹೆರಿಗೆಯ ಹಾಲು. ರಾಧೆಯದು ಹಾಗಲ್ಲ. ಹೆರದವಳ ಎದೆಯಲ್ಲಿ, ಸಾಕುಮಗನಿಗಾಗಿ ಬಂದ ಹಾಲು.

ಕನ್ನಡದವರಿಗೆ ಕರ್ಣ ಅಂದರೆ ಒಂದು ವಿಶೇಷ ಅಕ್ಕರೆ. ಪಂಪನ ಕಾಲದಿಂದಲೂ ಅದು ಹಾಗೇ. ಆದರೆ ನಾವು ಹೆಚ್ಚು ನೆನಪಿಟ್ಟುಕೊಂಡದ್ದು ದುರ್ಯೋಧನನ ಅನ್ನದ ಋಣ. ರಾಧೆಯ ಹಾಲಿನ ಋಣ ಹಿಂದಕ್ಕೆ ಸರಿದುಬಿಟ್ಟಿತು. ಕರ್ಣ ಮಾತ್ರ ಅದನ್ನು ಮೊದಲು ಹೇಳುತ್ತಾನೆ. ಅವನ ವಾದದಲ್ಲಿ ಹಾಲಿನ ಜೊತೆಗೇ ಉಚ್ಚೆ ಕಕ್ಕವೂ ಬರುತ್ತದೆ ಅನ್ನೋದನ್ನು ಮರೆಯಬೇಡಿ. ಹಾಲು ಪವಾಡದ ಥರ ಕಾಣಬಹುದು, ಆದರೆ ಅದರ ಪಕ್ಕದಲ್ಲೇ ದಿನನಿತ್ಯದ ದುಡಿಮೆ ಇದೆ. ಎರಡೂ ಸೇರಿ ಅವಳು ತಾಯಿ.

ಹಾಲು ಹೇಗೆ ಬರುತ್ತದೆ ಅಂತ ನಮ್ಮ ಹಳೆಯ ವೈದ್ಯರೂ ಯೋಚಿಸಿದ್ದರು. ಸುಶ್ರುತ ಸಂಹಿತೆಯ ಪ್ರಕಾರ ಮಗುವನ್ನು ಮುಟ್ಟಿದರೆ, ನೋಡಿದರೆ, ನೆನೆದರೆ, ಎತ್ತಿಕೊಂಡರೆ ಹಾಲು ಹರಿಯುತ್ತದೆ. ಹರಿಯಲು ಕಾರಣ ಎಡೆಬಿಡದ ಪ್ರೀತಿ. ಇವತ್ತಿನ ಪುಸ್ತಕ ತೆರೆದರೆ ಇದನ್ನೇ ಹಾರ್ಮೋನುಗಳ ಹೆಸರಲ್ಲಿ ಹೇಳಿರುತ್ತಾರೆ.

ಅದನ್ನು ಚುಟುಕಾಗಿ ಹೇಳಿಬಿಡ್ತೀನಿ. ಕೂಸು ಎದೆ ಚೀಪಿದಾಗ ಮಿದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನು ಬರುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಮಾಡಿಸುತ್ತದೆ. ಆಕ್ಸಿಟೋಸಿನ್ ಆ ಹಾಲನ್ನು ಹೊರಗೆ ದೂಡುತ್ತದೆ. ಇವೆರಡೂ ಬರೋದಕ್ಕೆ ಬಸಿರೇ ಆಗಬೇಕಿಲ್ಲ, ಬಸುರಿಯಾಗದವಳಲ್ಲೂ ಇವು ಇರುತ್ತವೆ. ಆಕ್ಸಿಟೋಸಿನ್‌ಗಂತೂ ಚೀಪುವುದೂ ಬೇಕಿಲ್ಲ, ಕೂಸಿನ ಅಳು ಕೇಳಿದರೆ ಸಾಕು. ಹಸು ಸಾಕಿದವರಿಗೆ ಇದು ಮೊದಲಿಂದ ಗೊತ್ತು. ಕರು ಬಂದು ಕೆಚ್ಚಲು ಗುದ್ದಿದರೇ ಹಸು ತೊರೆ ಬಿಡೋದು. ಕರು ಸತ್ತರೆ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯೋ ಪದ್ಧತಿ ಹಳ್ಳಿಗಳಲ್ಲಿತ್ತು. ಹೆಬ್ಬಾಳದ ವೆಟರ್ನರಿ ಕಾಲೇಜಿನ ವಿದ್ಯಾರ್ಥಿಗಳು ಪಾಠವಾಗಿ ಓದೋದನ್ನು ಆ ಹಳ್ಳಿಯವರು ಹಟ್ಟಿಯಲ್ಲೇ ಕಲಿತಿದ್ದರು.

ಹಾಗಾದರೆ ಬಸಿರು ಏನು ಮಾಡುತ್ತದೆ? ಅದು ಎದೆಯನ್ನು ಹಾಲಿಗೆ ಸಜ್ಜುಮಾಡುತ್ತದೆ. ಒಂಬತ್ತು ತಿಂಗಳು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಏರಿ ಹಾಲಿನ ಗ್ರಂಥಿಗಳು ಬೆಳೆಯುತ್ತವೆ. ದತ್ತು ತಾಯಿಗೆ ಈ ತಯಾರಿ ಇರಲ್ಲ. ಅದಕ್ಕೇ ರಾಧೆಗೆ ಬಂದ ಹಾಗೆ ಆ ಕ್ಷಣವೇ ಬರೋದಿಲ್ಲ. ದಿನಕ್ಕೆ ಎಂಟು ಹತ್ತು ಸಲ, ವಾರಗಟ್ಟಲೆ, ಕೂಸು ಚೀಪಬೇಕು ಅಥವಾ ಪಂಪ್ ಬಳಸಬೇಕು. ಬಂದರೂ ಬಹಳ ಜನರಿಗೆ ಕೂಸಿನ ಹೊಟ್ಟೆ ಪೂರ್ತಿ ತುಂಬುವಷ್ಟು ಬರಲ್ಲ. ಮೇಲುಹಾಲು ಬೇಕೇ ಬೇಕು. ಕಾವ್ಯ ಒಂದು ಕ್ಷಣದಲ್ಲಿ ಹೇಳಿದ್ದನ್ನು ದೇಹ ನಿಧಾನವಾಗಿ ಮಾಡುತ್ತದೆ.

ಹಾಲು ಇದ್ದ ಕಡೆಯೆಲ್ಲ ನಂಟು ಇತ್ತಾ? ಅದೂ ಇಲ್ಲ. ಇತಿಹಾಸ ಇಲ್ಲಿ ಸ್ವಲ್ಪ ಕಹಿ. ನಾವು ಆಸ್ಪತ್ರೆಯ ನರ್ಸಿಗೆ ದಾದಿ ಅಂತೀವಲ್ಲ, ಆ ಪದ ಸಂಸ್ಕೃತದ ‘ಧಾತ್ರಿ’ಯಿಂದ ಬಂದದ್ದು. ಧಾತ್ರಿ ಅಂದರೆ ಬೇರೆಯವರ ಕೂಸಿಗೆ ಮೊಲೆಯೂಡಿಸೋ ಹೆಂಗಸು. ಎಂಥವಳನ್ನು ಆರಿಸಬೇಕು ಅಂತ ಆಯುರ್ವೇದದ ಗ್ರಂಥಗಳಲ್ಲಿ ದೊಡ್ಡ ಪಟ್ಟಿಯೇ ಇದೆ: ವಯಸ್ಸು, ಆರೋಗ್ಯ, ನಡತೆ, ಹಾಲಿನ ಗುಣ. ಮುಂದೆ ಬ್ರಿಟಿಷರ ಕಾಲದಲ್ಲಿ ದಂಡು ಪ್ರದೇಶದ ಬಂಗಲೆಗಳಲ್ಲಿ, ಮದ್ರಾಸಿನಿಂದ ಮುಂಬಯಿವರೆಗೆ, ಇಂಥವಳನ್ನು ‘ಆಮಾ’ ಅಂತ ಕರೆದರು. ಅದು ಪೋರ್ಚುಗೀಸ್ ಪದ. ನಮ್ಮ ಕಿವಿಗೆ ‘ಅಮ್ಮ’ ಅಂತಲೇ ಕೇಳಿಸುತ್ತದೆ. ಬಂಗಲೆಯ ಮಗು ಅವಳ ಹಾಲಲ್ಲಿ ಬೆಳೆಯಿತು, ಅವಳದೇ ಕೂಸಿಗೆ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಮಗು ದೊಡ್ಡದಾದ ಮೇಲೆ ಅವಳಿಗೆ ಸಂಬಳ ಕೊಟ್ಟು ಕಳಿಸಿದರು. ಹಾಲು ಇತ್ತು, ನಂಟಿಗೆ ಹಕ್ಕು ಇರಲಿಲ್ಲ.

ಇಸ್ಲಾಮಿನ ಶಾಸ್ತ್ರ ಮಾತ್ರ ಆ ಹಾಲಿಗೆ ಹಕ್ಕು ಕೊಟ್ಟಿತು. ಅಲ್ಲಿ ದತ್ತುಮಗುವಿನ ವಂಶ, ಹೆತ್ತ ತಂದೆಯ ಹೆಸರು ಬದಲಾಗುವಂತಿಲ್ಲ. ಆದರೆ ಎರಡು ವರ್ಷದ ಒಳಗಿನ ಕೂಸಿಗೆ ಹಾಲೂಡಿಸಿದರೆ ಅವಳು ಹಾಲುತಾಯಿ, ಅವಳ ಮಕ್ಕಳು ಹಾಲಿನ ಒಡಹುಟ್ಟಿದವರು. ಒಡಹುಟ್ಟಿದವರ ನಡುವೆ ಮದುವೆ ಇಲ್ಲದ ಹಾಗೆ ಇಲ್ಲೂ ಇಲ್ಲ. ಪ್ರವಾದಿ ಮುಹಮ್ಮದರಿಗೆ ಹಾಲೂಡಿಸಿದ ಹಲೀಮಾ ಅವರ ಹೆಸರು ಮುಸ್ಲಿಂ ಮನೆಗಳಲ್ಲಿ ಇವತ್ತಿಗೂ ಗೌರವದ ಹೆಸರು. ಅದಕ್ಕೇ ಇವತ್ತು ಅನಾಥ ಕೂಸನ್ನು ಮನೆಗೆ ತರೋ ಕೆಲವು ಮುಸ್ಲಿಂ ಕುಟುಂಬಗಳಲ್ಲಿ ತಾಯಿ ವೈದ್ಯರ ಸಹಾಯದಿಂದ ಹಾಲು ಬರಿಸಿಕೊಳ್ಳಲು ಪ್ರಯತ್ನಪಡ್ತಾಳೆ. ಅವಳಿಗೆ ಅದು ಆರೋಗ್ಯದ ಮಾತಷ್ಟೇ ಅಲ್ಲ, ಮಗು ದೊಡ್ಡದಾದ ಮೇಲೂ ಮನೆಯೊಳಗಿನವನಾಗಿ ಉಳಿಯೋ ದಾರಿ.

ಇನ್ನು ಹಿಂದೂ ದತ್ತುಶಾಸ್ತ್ರ. ಅದರಲ್ಲಿ ಹಾಲಿನ ಮಾತೇ ಇಲ್ಲ. ದತ್ತು ಅಂದರೆ ಅಪ್ಪನಿಗೊಬ್ಬ ಮಗ ಬೇಕು, ಪಿಂಡ ಇಡಲು, ಆಸ್ತಿ ಉಳಿಸಲು. ಕೊಡೋದು, ತಗೊಳ್ಳೋದು, ಹೋಮ. ದತ್ತು ಹೋಗೋದು ಗಂಡುಮಗು ಮಾತ್ರ. ಇದು ಬದಲಾದದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಿಂದ. ಆಗ ಮೊದಲ ಸಲ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದಾಯಿತು, ಮದುವೆಯಾಗದ ಹೆಂಗಸು, ವಿಧವೆ ತನಗಾಗಿ ತಾನೇ ದತ್ತು ಮಾಡಿಕೊಳ್ಳಬಹುದಾಯಿತು. ಗಂಡನ ಜೊತೆ ಬಾಳುತ್ತಿರೋ ಹೆಂಗಸಿಗೆ, ಅವನ ಒಪ್ಪಿಗೆ ಪಡೆದು ತಾನೇ ದತ್ತು ತೆಗೆದುಕೊಳ್ಳೋ ಹಕ್ಕು ಬಂದದ್ದು 2010ರ ತಿದ್ದುಪಡಿಯಲ್ಲಿ. 2010! ಅಲ್ಲಿಯವರೆಗೆ ಕಾಗದದ ಮೇಲೆ ದತ್ತು ತೆಗೆದುಕೊಳ್ಳುತ್ತಿದ್ದವನು ಗಂಡ, ಅವಳು ಒಪ್ಪಿಗೆ ಕೊಡುತ್ತಿದ್ದವಳು. ರಾತ್ರಿ ಎದ್ದು ಹಾಲು ಕಾಯಿಸುತ್ತಿದ್ದವಳು ಯಾರು ಅನ್ನೋದು ಬೇರೆ ಮಾತು.

ಕಾನೂನು ಹೀಗೆ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಾಗ ಇನ್ನೊಂದು ಕಡೆ ಕೆಲವರು ರಾಧೆಯ ಹಾಲನ್ನೇ ಹುಡುಕುತ್ತಿದ್ದರು. ಅಮೆರಿಕದಲ್ಲಿ ಜಿಮ್ಮಿ ಲಿನ್ ಏವರಿ ಎಂಬ ದತ್ತು ತಾಯಿ 1970ರ ಆಸುಪಾಸಿನಲ್ಲಿ ಒಂದು ಉಪಕರಣ ರೂಢಿಗೆ ತಂದರು. ಮೇಲುಹಾಲು ತುಂಬಿದ ಚೀಲ, ಅದರಿಂದ ಸಣ್ಣ ನಳಿಕೆ, ನಳಿಕೆಯ ತುದಿ ಮೊಲೆತೊಟ್ಟಿನ ಹತ್ತಿರ. ಕೂಸು ಎದೆ ಚೀಪುತ್ತದೆ, ನಳಿಕೆಯಿಂದ ಹಾಲು ಸಿಗುತ್ತದೆ, ಬೇಜಾರಾಗಿ ಬಿಟ್ಟುಹೋಗಲ್ಲ. ಚೀಪುತ್ತಾ ಚೀಪುತ್ತಾ ಅಮ್ಮನ ಎದೆಗೂ ಸಂದೇಶ ಹೋಗುತ್ತದೆ. 1981ರಲ್ಲಿ ಏವರಿ ಮತ್ತು ಆವರ್‌ಬ್ಯಾಕ್ 240 ದತ್ತು ತಾಯಂದಿರ ಅನುಭವ ಕಲೆಹಾಕಿ ಪ್ರಕಟಿಸಿದರು. ಅದರಲ್ಲಿ ಎದ್ದು ಕಾಣೋ ಅಂಶ ಹಾಲಿನ ಅಳತೆ ಅಲ್ಲ. ಬಹುಪಾಲು ತಾಯಂದಿರು ಯಶಸ್ಸು ಅಂತ ಕರೆದದ್ದು ಕೂಸಿನ ಜೊತೆ ಬೆಳೆದ ಸಂಬಂಧವನ್ನು.

ಇನ್ನು ನಮ್ಮ ಊರಿನ ಕಥೆಗೆ ಬನ್ನಿ. ಹೆಬ್ಬಾಳದಿಂದ ತುಮಕೂರು ರಸ್ತೆ ಹಿಡಿದು ಇನ್ನೂರೈವತ್ತು ಕಿಲೋಮೀಟರ್ ಚಿಲ್ಲರೆ ಹೋದರೆ ದಾವಣಗೆರೆ. ಬೆಣ್ಣೆದೋಸೆಯ ಊರು. ಅಲ್ಲಿನ ಜೆಜೆಎಂ ಮೆಡಿಕಲ್ ಕಾಲೇಜು ಮತ್ತು ಬಾಪೂಜಿ ಮಕ್ಕಳ ಆಸ್ಪತ್ರೆಯಲ್ಲಿ ಡಾ. ನಿರ್ಮಲಾ ಕೇಸರಿ ಮತ್ತು ಬಣಪುರಮಠ ದಂಪತಿ, ಡಾ. ಸಿ.ಆರ್. ಮತ್ತು ಡಾ. ಶೋಭಾ, ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದರು. ಹಾಲು ನಿಂತುಹೋಗಿ ಬಾಟಲಿಗೆ ಬಿದ್ದಿದ್ದ ಕೂಸುಗಳನ್ನು ಮತ್ತೆ ಎದೆಗೆ ತರೋದು ಅವರ ಗುರಿ. ದುಬಾರಿ ಉಪಕರಣ ಕೊಳ್ಳೋ ಶಕ್ತಿ ಅಲ್ಲಿನ ತಾಯಂದಿರಿಗೆ ಎಲ್ಲಿಂದ ಬರಬೇಕು? ಡಾ. ಕೇಸರಿ ವಿವರಿಸಿದ ವಿಧಾನದ ಹೆಸರು ‘ಡ್ರಾಪ್ ಅಂಡ್ ಡ್ರಿಪ್’. ಕೂಸು ಎದೆಗೆ ಬಾಯಿ ಹಾಕಿದಾಗ ಮೇಲಿಂದ ಹನಿ ಹನಿಯಾಗಿ ಹಾಲು ಬಿಡೋದು, ಇಲ್ಲವೇ ಆಸ್ಪತ್ರೆಯಲ್ಲಿ ಹೇಗೂ ಇರೋ ಸಣ್ಣ ನಳಿಕೆಯಿಂದ ಹರಿಸೋದು. ಏವರಿಯವರ ಉಪಕರಣದ ತತ್ವವೇ, ಖರ್ಚು ಮಾತ್ರ ಬಹಳ ಕಡಿಮೆ.

ಇದನ್ನು ಅವರು 1993ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇನ್ನೊಂದು ಲೇಖನ: ತಾವು ಹೆರದ ಕೂಸಿಗೆ ಬದಲಿ ತಾಯಂದಿರು ಹಾಲೂಡಿಸಿದ ಅನುಭವ. 2003ರ ಹೊತ್ತಿಗೆ ಸಾವಿರ ತಾಯಂದಿರ ಅನುಭವ ಅವರ ಕೈಯಲ್ಲಿತ್ತು. ಆ ಸಾವಿರ ಜನ ದತ್ತು ತಾಯಂದಿರಲ್ಲ, ಹೆತ್ತು ಹಾಲು ಕಳೆದುಕೊಂಡವರು. ಬಹುಪಾಲು ಜನರಲ್ಲಿ ಹಾಲು ಮರಳಿ ಬಂತು. ಪಾಠ ಮಾತ್ರ ಇಬ್ಬರಿಗೂ ಒಂದೇ: ಕೂಸು ಎದೆಗೆ ಹತ್ತಿರ ಇರಬೇಕು, ಮತ್ತೆ ಮತ್ತೆ ಚೀಪಬೇಕು, ತಾಯಿಗೆ ಜೊತೆಯಲ್ಲಿ ನಿಂತು ಧೈರ್ಯ ಹೇಳೋರು ಬೇಕು, ಆತುರ ಬೇಡ. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯಕ್ಕೆ ಒಂದು ಮಾರ್ಗದರ್ಶಿ ಪುಸ್ತಿಕೆ ತಂದಿತು. ಹಳ್ಳಿಗಳಲ್ಲಿ ಬಾಣಂತಿ ತೀರಿಕೊಂಡಾಗ ಅಜ್ಜಿಯೋ ಚಿಕ್ಕಮ್ಮನೋ ಎದೆಗೆ ಹಾಕಿಕೊಂಡ ಮಾತನ್ನು ಅಂತೆಕಂತೆ ಅಂತ ತಳ್ಳಿಹಾಕೋ ಹಾಗಿಲ್ಲ ಅಂತಾಯ್ತು.

ಇಲ್ಲಿ ಎರಡು ಎಚ್ಚರಿಕೆ. ಹಾಲು ಬರಿಸಲು ಕೆಲವರು ಬಳಸೋ ಡೊಂಪೆರಿಡೋನ್ ಎಂಬ ಮಾತ್ರೆ ಹೃದಯದ ಬಡಿತಕ್ಕೆ ತೊಂದರೆ ಮಾಡಬಹುದು. ವಾಟ್ಸಾಪಿನಲ್ಲಿ ಬಂತು ಅಂತ ತಗೊಳ್ಳೋ ಮಾತ್ರೆ ಅಲ್ಲ ಅದು, ವೈದ್ಯರನ್ನು ಕೇಳಲೇಬೇಕು. ಹಾಗೇ ಕೂಸಿನ ತೂಕ ಏರುತ್ತಿದೆಯಾ ಅಂತ ಬಿಡದೆ ನೋಡಬೇಕು. ಬರೀ ಎದೆಹಾಲೇ ಕೊಡ್ತೀನಿ ಅನ್ನೋ ಹಟದಲ್ಲಿ ಕೂಸು ಸೊರಗಬಾರದು.

ಇದೆಲ್ಲ ಓದಿ ಯಾರಾದರೂ ದತ್ತು ತಾಯಿಗೆ ‘ನೀನೂ ಹಾಲೂಡಿಸಬಹುದಂತೆ, ಯಾಕೆ ಪ್ರಯತ್ನ ಮಾಡಲಿಲ್ಲ?’ ಅಂತ ಕೇಳಿದರೆ ಈ ಬರಹ ಕೆಟ್ಟ ಕೆಲಸ ಮಾಡಿದ ಹಾಗಾಗುತ್ತದೆ. ಹಾಲು ನಂಟಿನ ಒಂದು ದಾರಿ, ಒಂದೇ ದಾರಿ ಅಲ್ಲ. 1958ರಲ್ಲಿ ಅಮೆರಿಕದ ಹ್ಯಾರಿ ಹಾರ್ಲೊ ತನ್ನ ಪ್ರಯೋಗದ ಫಲಿತಾಂಶ ಹೇಳಿದ. ಪ್ರಯೋಗ ಕ್ರೂರವೇ. ತಾಯಿಯಿಂದ ಬೇರೆ ಮಾಡಿದ ಕೋತಿಮರಿಗಳಿಗೆ ಎರಡು ಗೊಂಬೆ ತಾಯಂದಿರನ್ನು ಕೊಟ್ಟ. ಒಂದು ಬರೀ ತಂತಿಯದು, ಇನ್ನೊಂದು ಮೆತ್ತಗಿನ ಬಟ್ಟೆಯದು. ಹಾಲಿನ ಬಾಟಲಿ ತಂತಿ ತಾಯಿಯ ಹತ್ತಿರ ಇದ್ದಾಗಲೂ ಮರಿಗಳು ಹಾಲು ಕುಡಿದು ಓಡಿಬಂದು ಬಟ್ಟೆ ತಾಯಿಯನ್ನೇ ಅಪ್ಪಿಕೊಂಡು ಕೂತವು. ಹಾಲು ಕೊಟ್ಟವಳ ಹತ್ತಿರ ಹಸಿವು ಹೋಯಿತು, ಮೆತ್ತಗೆ ಅಪ್ಪಿಸಿಕೊಂಡವಳ ಹತ್ತಿರ ಭಯ ಹೋಯಿತು.

ಅಂದಮೇಲೆ ಬಾಟಲಿ ಹಿಡಿದ ಅಮ್ಮನಿಗೂ, ಬಾಟಲಿ ಹಿಡಿದ ಅಪ್ಪನಿಗೂ ದಾರಿ ತೆರೆದೇ ಇದೆ. ಕೂಸನ್ನು ಬರೀ ಮೈಗೆ ಒತ್ತಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು, ಪ್ರತಿ ಸಲ ಒಂದೇ ಮಡಿಲಲ್ಲಿ ಹಾಲು ಕುಡಿಸಿದರೂ ಅದೇ ಕೆಲಸ ನಡೆಯುತ್ತದೆ. ಪುಣ್ಯಕೋಟಿಯ ಕಥೆ ನೆನಪಿಸಿಕೊಳ್ಳಿ. ಹುಲಿಯ ಹತ್ತಿರ ಹೊರಡೋ ಮುಂಚೆ ಅವಳು ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸುತ್ತಾಳಲ್ಲ, ಬೇಡಿಕೊಳ್ಳೋದು ಹಾಲಿಗೆ ಮಾತ್ರವಲ್ಲ. ನಿಮ್ಮದೇ ಮಗು ಅಂತ ಕಾಣಿ ಅನ್ನೋದಕ್ಕೆ.

ಹಾಲಿರಲಿ, ಅಪ್ಪುಗೆಯಿರಲಿ, ರಾತ್ರಿ ಎದ್ದು ಬಟ್ಟೆ ಬದಲಾಯಿಸೋದಿರಲಿ, ಎಲ್ಲಕ್ಕೂ ಬೇಕಾದದ್ದು ಒಂದೇ. ಸಮಯ. ಅಲ್ಲೇ ನಮ್ಮ ಕಾಲದ ಕಾನೂನು ಎಡವಿತು.

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಹೆತ್ತ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ. ಮೊದಲ ಸಲ ದತ್ತು ತಾಯಿಯನ್ನೂ ಸೇರಿಸಿದರು, 12 ವಾರ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಣ್ಣಕ್ಷರದಲ್ಲಿ ಒಂದು ಷರತ್ತು ಇತ್ತು: ಮಗು ಮೂರು ತಿಂಗಳಿಗಿಂತ ಚಿಕ್ಕದಿರಬೇಕು.

ಈಗ ದತ್ತಿನ ಲೆಕ್ಕ ನೋಡಿ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಹೆತ್ತವರು ಮಗುವನ್ನು ಒಪ್ಪಿಸಿದರೆ ಮನಸ್ಸು ಬದಲಾಯಿಸಲು ಅವರಿಗೆ 60 ದಿನ ಇರುತ್ತದೆ. ಸಿಕ್ಕ ಮಗುವಾದರೆ ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಕೂಸನ್ನು ದತ್ತಿಗೆ ಮುಕ್ತ ಅಂತ ಘೋಷಿಸಲು ಎರಡು ತಿಂಗಳು, ದೊಡ್ಡ ಮಗುವಿಗೆ ನಾಲ್ಕು ತಿಂಗಳು. ಆಮೇಲೆ ಆನ್‌ಲೈನ್‌ನಲ್ಲಿ ಮಗುವಿನ ವಿವರ ಬರಬೇಕು, ಒಪ್ಪಬೇಕು, ಹೋಗಿ ನೋಡಬೇಕು, ಕಾಗದ ಪತ್ರ ಮುಗಿಯಬೇಕು. ಕೂಸು ಮನೆಗೆ ಬರೋ ಹೊತ್ತಿಗೆ ಮೂರು ತಿಂಗಳು ದಾಟಿರೋದೇ ಹೆಚ್ಚು. ಆರು ತಿಂಗಳ, ಎರಡು ವರ್ಷದ, ಐದು ವರ್ಷದ ಮಗುವನ್ನು ಮನಸಾರೆ ಒಪ್ಪಿಕೊಂಡು ತರೋ ಅಮ್ಮನಿಗೆ ಈ ಕಾಯ್ದೆಯಲ್ಲಿ ಒಂದು ದಿನವೂ ಇರಲಿಲ್ಲ. ಅದೇ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು ಒಂದು ವರ್ಷದೊಳಗಿನ ಮಗುವನ್ನು ತಂದರೆ 180 ದಿನ. ಪಕ್ಕದ ಬಿಲ್ಡಿಂಗಿನ ಸಾಫ್ಟ್‌ವೇರ್ ಕಂಪನಿಯವಳಿಗೆ ಎಚ್‌ಆರ್ ಕರುಣೆಯೇ ಗತಿಯಾಗಿತ್ತು.

2021ರಲ್ಲಿ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡಿದ್ದ ಕರ್ನಾಟಕದ ತಾಯಿಯೊಬ್ಬರು ಈ ಷರತ್ತನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2024ರ ನವೆಂಬರ್‌ನಲ್ಲಿ ಕೋರ್ಟು ಕೇಂದ್ರ ಸರ್ಕಾರವನ್ನು ಕೇಳಿತು: ಈ ಮೂರು ತಿಂಗಳ ಗೆರೆಗೆ ತರ್ಕ ಏನು? ಈ ನಡುವೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಗೆರೆಯನ್ನು ಹಾಗೇ ನಕಲು ಮಾಡಿಕೊಂಡಿತ್ತು.

ಆ ಗೆರೆ ಓದಿದರೆ ನನಗೆ ಅನ್ನಿಸೋದು, ಅದನ್ನು ಬರೆದವರ ತಲೆಯಲ್ಲಿ ತಾಯ್ತನ ಅಂದರೆ ಹೆರಿಗೆ ಮತ್ತು ಹಸುಗೂಸು ಅಷ್ಟೇ ಇತ್ತು. ನಮ್ಮ ಭಾಷೆಯೂ ಅವರಿಗೆ ಜೊತೆಯಾಯಿತು. ನಾವು ಅದನ್ನು ಕರೆಯೋದೇ ‘ಹೆರಿಗೆ ರಜೆ’ ಅಂತ. ಹೆರದವಳು ಆ ಪದದ ಹೊರಗೇ ನಿಲ್ಲುತ್ತಾಳೆ. ಆದರೆ ದೊಡ್ಡ ಮಗುವಿಗೆ ನಂಟು ಬೇಗ ಆಗುತ್ತದೆ ಅಂತ ಯಾರು ಹೇಳಿದ್ದು? ಐದು ವರ್ಷದ ಮಗು ಎಷ್ಟೋ ಕೈ ದಾಟಿ ಬಂದಿರುತ್ತದೆ. ಅದಕ್ಕೆ ಮೊದಲ ವಾರಗಳಲ್ಲಿ ಬೇಕಾದದ್ದು ಡೇ ಕೇರ್ ಅಲ್ಲ, ಈ ಮನೆಯವರು ನನ್ನನ್ನು ಬಿಟ್ಟುಹೋಗಲ್ಲ ಅನ್ನೋ ನಂಬಿಕೆ. ಆ ನಂಬಿಕೆಯನ್ನು ಮಾತಲ್ಲಿ ಕೊಡಕ್ಕಾಗಲ್ಲ. ದಿನಾ ಬೆಳಿಗ್ಗೆ ಎದ್ದಾಗ ಅದೇ ಮುಖ ಕಾಣಬೇಕು.

ಅರವತ್ತು ದಿನ ಕಾಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆ ದಿನಗಳು ಕುಂತಿಯವು. ಭಯಕ್ಕೆ, ಬಡತನಕ್ಕೆ, ಮಾನಕ್ಕೆ ಅಂಜಿ ಕೂಸನ್ನು ನೀರಿಗೆ ಬಿಟ್ಟವಳ ಎದೆಯಲ್ಲೂ ಹಾಲು ಇಳಿದಿರುತ್ತದೆ, ಅದು ಬತ್ತುವ ನೋವೂ ಅವಳದೇ. ಮನಸ್ಸು ಬದಲಾದರೆ ವಾಪಸ್ ಬರಲು ಅವಳಿಗೊಂದು ದಾರಿ ಇರಲೇಬೇಕು. ಮಹಾಭಾರತದ ಕುಂತಿಗೆ ಅಂಥ ದಾರಿ ಇರಲಿಲ್ಲ, ಅದಕ್ಕೇ ಆ ಕಥೆ ಹಾಗೆ ಮುಗಿಯಿತು. ಆದರೆ ಅರವತ್ತೊಂದನೇ ದಿನದಿಂದ ಮುಂದಿನ ದಿನಗಳು ರಾಧೆಯವು. ಕುಂತಿಗೆ ಕೊಟ್ಟ ದಿನಗಳನ್ನು ರಾಧೆಯ ಲೆಕ್ಕದಿಂದ ಕಳೆಯೋದು ಯಾವ ನ್ಯಾಯ?

ವಿಚಿತ್ರ ಏನು ಗೊತ್ತಾ? ಈ ಸಮಯವನ್ನು ಕೊಡೋ ಪದ್ಧತಿ ನಮ್ಮಲ್ಲಿ ಮೊದಲಿಂದಲೂ ಇದೆ. ಬಾಣಂತನ. ತಿಂಗಳುಗಟ್ಟಲೆ ತವರಿನಲ್ಲಿ ಇಟ್ಟುಕೊಂಡು, ಮನೆಕೆಲಸ ಬಿಡಿಸಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಮೆಂತ್ಯ, ಅಂಟಿನುಂಡೆ ತಿನ್ನಿಸಿ, ನೀನು ಕೂಸನ್ನು ನೋಡಿಕೋ, ನಿನ್ನನ್ನು ನಾವು ನೋಡಿಕೊಳ್ತೀವಿ ಅಂತ ಇಡೀ ಮನೆ ನಿಲ್ಲುತ್ತದೆ. ದಾವಣಗೆರೆಯ ವೈದ್ಯರು ತಾಯಂದಿರಿಗೆ ಬೇಕು ಅಂದದ್ದೂ ಇದನ್ನೇ ಅಲ್ಲವಾ? ಕೂಸಿನ ಹತ್ತಿರ ಇರಲು ಬಿಡುವು, ಜೊತೆಗೆ ನಿಲ್ಲೋ ಜನ. ಆದರೆ ದತ್ತು ತಂದವಳಿಗೆ ತೊಟ್ಟಿಲು ಶಾಸ್ತ್ರ ಮಾಡ್ತೀವಿ, ಫೋಟೋ ತೆಗೆಸ್ತೀವಿ, ಸೋಮವಾರ ಆಫೀಸಿಗೆ ಕಳಿಸ್ತೀವಿ. ಅವಳಿಗೇನು ಹೊಲಿಗೆ ಬಿದ್ದಿದೆಯಾ, ಮೈ ನೋವಿದೆಯಾ ಅನ್ನೋ ಮಾತು ಬೇರೆ.

ಕಾನೂನು ಬದಲಾಗಬೇಕಾದದ್ದು ಕೋರ್ಟಿನಲ್ಲಿ, ಸಂಸತ್ತಿನಲ್ಲಿ. ಆದರೆ ಕಾನೂನು ಹೇಳಿದ್ದು ಕನಿಷ್ಠ, ಅದಕ್ಕಿಂತ ಹೆಚ್ಚು ಕೊಡಬೇಡಿ ಅಂತ ಯಾರೂ ಹೇಳಿಲ್ಲ. ಇದನ್ನು ಓದುತ್ತಿರೋ ನಿಮ್ಮಲ್ಲಿ ಕೆಲವರು ಕಂಪನಿಯ ರಜೆ ನಿಯಮ ಬರೆಯೋ ಕುರ್ಚಿಯಲ್ಲಿ ಇದ್ದೀರಿ, ಕೆಲವರು ನಾಳೆ ಇರ್ತೀರಿ. ಮಗುವಿನ ವಯಸ್ಸಿನ ಷರತ್ತು ತೆಗೆಯಲು, ಅಪ್ಪನಿಗೂ ಕೆಲವು ವಾರ ಸೇರಿಸಲು ಒಂದು ಸಾಲು ಸಾಕು. ಉಳಿದವರು ಅಕ್ಕಪಕ್ಕದವರು, ಸಹೋದ್ಯೋಗಿಗಳು, ಅತ್ತೆ ಮಾವಂದಿರು. ಮಗು ತಂದ ಮನೆಗೆ ಹೋಗೋವಾಗ ಗೊಂಬೆಯ ಜೊತೆ ಒಂದು ಡಬ್ಬಿ ಸಬ್ಬಸಿಗೆ ಸೊಪ್ಪಿನ ಪಲ್ಯವನ್ನೂ ತಗೊಂಡು ಹೋಗಿ. ಅವಳಿಗೆ ಹಾಲು ಬರಲಿ ಬಿಡಲಿ. ಅಡುಗೆಯ ಒಂದು ಗಂಟೆ ಉಳಿದರೆ, ಆ ಗಂಟೆ ಕೂಸಿನದಾಗುತ್ತದೆ.